ಗೆರೆಗಳು ಕೂಡುವ ಜಾಗ

ಈ ವಾರ ಲಾಗ್ ಟೇಬಲ್ ಹಿಡಿದು ಕೂತದ್ದು ಯುರೇನಿಯಂಗಾಗಿ. ನೆಲದಿಂದ ಅಗೆದ ಯುರೇನಿಯಂನಲ್ಲಿ ಮುಖ್ಯವಾಗಿ ಎರಡು ಬಗೆಯ ಪರಮಾಣುಗಳಿವೆ, ಯುರೇನಿಯಂ-235 ಮತ್ತು ಯುರೇನಿಯಂ-238; 235ರ ಪರಮಾಣು ಒಂದಿದ್ದರೆ 238ರವು 137.8. ಎರಡೂ ಸವೆಯುತ್ತಲೇ ಇವೆ. 235 ಅರ್ಧಕ್ಕಿಳಿಯಲು 70.4 ಕೋಟಿ ವರ್ಷ, 238ಕ್ಕೆ 446.8 ಕೋಟಿ. ಬೇಗ ಸವೆಯುವುದು ಇಂದು ಇಷ್ಟು ಕಡಿಮೆ ಇದೆಯೆಂದರೆ, ಲೆಕ್ಕವನ್ನು ಹಿಂದಕ್ಕೆ ಎಳೆದಾಗ ಎಲ್ಲೋ ಒಂದು ಕಡೆ ಎರಡೂ ಸಮವಾಗಲೇಬೇಕು. ಎಲ್ಲಿ?

ಗ್ರಾಫ್ ಹಾಳೆಯಲ್ಲಿ ಬರೆದರೆ 235ರ ವಕ್ರರೇಖೆ ಬಹಳ ದೂರ ತಳದಲ್ಲೇ ತೆವಳಿ, ಆಮೇಲೆ ಒಮ್ಮೆಲೇ ಏರುತ್ತದೆ. ಎಲ್ಲಿ ಛೇದಿಸುತ್ತದೆಂದು ಕಣ್ಣಳತೆಗೆ ಸಿಗದು. ನಮಗೆ ಬೇಕಾದ ಕಾಲ ಘಾತಾಂಕದಲ್ಲಿ ಕೂತಿದೆ. ಲಾಗ್ ತೆಗೆಯಿರಿ: ಅದು ಕೆಳಗಿಳಿದು ಬರುತ್ತದೆ, ಎರಡು ವಕ್ರರೇಖೆಗಳೂ ನೆಟ್ಟಗಾಗುತ್ತವೆ. ನೇರ ಗೆರೆಗಳು ಕೂಡುವ ಜಾಗಕ್ಕೆ ಒಂದು ಭಾಗಾಕಾರ ಸಾಕು. ಎಷ್ಟು ಸಲ ಮಾಡಿದರೂ ಈ ಗಳಿಗೆ ನನಗೆ ಹಳತಾಗಿಲ್ಲ.

ಹಿಂದಕ್ಕೆ ನಡೆದರೆ ಪ್ರತಿ ನೂರು ಕೋಟಿ ವರ್ಷಕ್ಕೆ 235 ಇಮ್ಮಡಿಯಾಗುವುದು 1.420 ಸಲ, 238 ಬರೀ 0.224 ಸಲ. ವ್ಯತ್ಯಾಸ 1.196. ತುಂಬಬೇಕಾದ ಅಂತರ 137.8. ಅದರ ಲಾಗ್ 2.139, ಎರಡರ ಲಾಗ್ 0.3010, ಭಾಗಿಸಿದರೆ 7.106 ಇಮ್ಮಡಿ. ಅದನ್ನು 1.196ರಿಂದ ಭಾಗಿಸಿ: 5.94. ಅಂದರೆ 594 ಕೋಟಿ ವರ್ಷದ ಹಿಂದೆ. ಸೂರ್ಯಮಂಡಲಕ್ಕೆ ಆಗಿರುವುದು ಸುಮಾರು 457 ಕೋಟಿ. ಗೆರೆಗಳು ಭೂಮಿಯೇ ಇಲ್ಲದ ಕಾಲದಲ್ಲಿ ಕೂಡಿವೆ! ಯುರೇನಿಯಂ ಒಂದೇ ಸಲಕ್ಕೆ ಹುಟ್ಟಿದ್ದಲ್ಲ, ಹಾಗಾಗಿ ಇದನ್ನು ಅದರ ಜನ್ಮದಿನವೆಂದು ಓದಬಾರದು.

1929ರಲ್ಲಿ ಭೌತವಿಜ್ಞಾನಿ ರುದರ್‌ಫರ್ಡ್ ಇದೇ ದಾರಿಯಲ್ಲಿ, ಎರಡೂ ಮೊದಲು ಸಮವಿದ್ದವೆಂದು ಹಿಡಿದು, 340 ಕೋಟಿ ವರ್ಷ ಎಂದರು. ಅಷ್ಟು ಕಡಿಮೆ ಬಂದದ್ದೇಕೆ? 137.8ರಲ್ಲಿ ನೂರಕ್ಕೆ ಹತ್ತು ತಪ್ಪಿದರೂ ಉತ್ತರ ಕದಲುವುದು 12 ಕೋಟಿಯಷ್ಟೇ. ಆ ತಪ್ಪನ್ನು ಲಾಗ್ ಕುಗ್ಗಿಸಿಬಿಡುತ್ತದೆ. ಗೆರೆಯ ಓಟದಲ್ಲಿ, ಅಂದರೆ ಅರ್ಧಾಯುಷ್ಯದಲ್ಲಿ, ತಪ್ಪಿದರೆ ಮಾತ್ರ ಕ್ಷಮೆಯಿಲ್ಲ. 235ರ ಅರ್ಧಾಯುಷ್ಯವನ್ನು ಆಗ ನಿಜಕ್ಕಿಂತ ಬಹಳ ಕಡಿಮೆ ಅಂದಾಜಿಸಲಾಗಿತ್ತು.

ಅದೇ ಗೆರೆಗಳ ಮೇಲೆ ಇನ್ನೊಂದು ಜಾಗ ನೋಡಿ, 200 ಕೋಟಿ ವರ್ಷದ ಹಿಂದೆ. ಎರಡನ್ನು 1.196ರಿಂದ ಗುಣಿಸಿದರೆ 2.39 ಇಮ್ಮಡಿ, ಆಗ 235ರ ಪಾಲು ನೂರಕ್ಕೆ ಸುಮಾರು 3.7. ಇಂದು ಅದು 0.72. ಇಷ್ಟು ಕಡಿಮೆಯಿರುವ ಸಹಜ ಯುರೇನಿಯಂ ಬಳಸುವುದರಿಂದಲೇ ನಮ್ಮ ಕೈಗಾದ ರಿಯಾಕ್ಟರುಗಳಿಗೆ ಭಾರಜಲ ಬೇಕು. ಆದರೆ 3.7 ಇದ್ದರೆ ಮಾಮೂಲಿ ನೀರೇ ಸಾಕಾದೀತು. 1972ರಲ್ಲಿ ಆಫ್ರಿಕಾದ ಗೆಬಾನಿನ ಓಕ್ಲೋ ಗಣಿಯ ಅದಿರಿನಲ್ಲಿ 235ರ ಪಾಲು 0.720ರ ಬದಲು 0.717 ಕಂಡಿತು. ಕೊರತೆಯ ಜಾಡು ಹಿಡಿದು ಹೋದವರಿಗೆ ಸಿಕ್ಕದ್ದು, ಸುಮಾರು 200 ಕೋಟಿ ವರ್ಷದ ಹಿಂದೆ ಬಂಡೆಯೊಳಗೆ ಇಂಗಿದ ನೀರಿನಿಂದ ತಾನಾಗಿಯೇ ನಡೆದಿದ್ದ ಪರಮಾಣು ಒಲೆ.