ಮೂಗಿಗೆ ಬಡಿಯದ ಹೊಗೆ

“ಮೊದಲು ನಾಲ್ಕು ಕಾಸು ಸಂಪಾದಿಸೋಣ, ಆಮೇಲೆ ಗಾಳಿ-ನೀರು ತಾನಾಗಿ ಶುದ್ಧವಾಗುತ್ತೆ.” ಈ ಮಾತು ಬನಿಯನ್ ಕಂಪನಿಯ ಗೇಟಿನಲ್ಲೂ ಕೇಳುತ್ತೆ, ಅರ್ಥಶಾಸ್ತ್ರದ ಪುಸ್ತಕದಲ್ಲೂ ಸಿಗುತ್ತೆ. ಪುಸ್ತಕದಲ್ಲಿ ಇದಕ್ಕೆ ಕುಜ್ನೆಟ್ಸ್ ರೇಖೆ ಎಂದು ಹೆಸರು. 1955ರಲ್ಲಿ ಸೈಮನ್ ಕುಜ್ನೆಟ್ಸ್ ಬರೆದದ್ದು ವರಮಾನದ ಹೆಚ್ಚುಕಡಿಮೆಯ ಬಗ್ಗೆ. 1991ರಲ್ಲಿ ಗ್ರಾಸ್‌ಮನ್, ಕ್ರೂಗರ್ ಎಂಬ ಇಬ್ಬರು ಅದನ್ನೇ ಮಾಲಿನ್ಯಕ್ಕೆ ಹೊಂದಿಸಿದರು. ಬಡತನ ಕಳೆಯುವಾಗ ಕೊಳೆ ಏರುತ್ತದೆ, ಸಿರಿ ಬಂದ ಮೇಲೆ ಇಳಿಯುತ್ತದೆ ಎಂಬುದು ವಾದ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಈ ವಾದ ಎಷ್ಟು ದೂರ ನಡೆಯುತ್ತದೆ, ನೋಡೋಣ.

ವಾದದಲ್ಲಿ ಸತ್ಯ ಇಲ್ಲವೆಂದಲ್ಲ. ನೊಯ್ಯಲ್ ಹೊಳೆಯನ್ನೇ ನೋಡಿ. ತಿರುಪ್ಪೂರಿನ ಬಣ್ಣದ ನೀರು ಅದರಲ್ಲಿ ಹರಿಯಿತು. ಬೇಸಾಯಕ್ಕೆಂದು 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಆ ಕೊಳೆಯ ತೊಟ್ಟಿಯಾಯಿತು. ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಡೈಯಿಂಗ್ ಕಾರ್ಖಾನೆಗಳನ್ನು ಮುಚ್ಚಿ ಎಂದಿತು. ಒಂದು ತೊಟ್ಟೂ ಹೊರಗೆ ಬಿಡಬಾರದು ಎಂಬ ನಿಯಮಕ್ಕೆ ಒಪ್ಪಿದ ಮೇಲೆ ಕಾರ್ಖಾನೆಗಳು ತೆರೆದವು.

ಆದರೆ ಆ ನೀರು ಶುದ್ಧವಾಗುವುದು ಹೇಗೆ? ಪಂಪಿನ ಒತ್ತಡದಲ್ಲಿ ಜಾಲರಿಗಳ ಮೂಲಕ ಸೋಸಬೇಕು. ಉಳಿದ ಉಪ್ಪುನೀರನ್ನು ಕುದಿಸಿ ಇಂಗಿಸಬೇಕು. ಪಂಪಿಗೆ ಕರೆಂಟು, ಬಾಯ್ಲರಿಗೆ ಸೌದೆ ಬೇಕು. ಹೊಳೆಗೆ ಬೀಳುತ್ತಿದ್ದ ಹೊರೆಯ ಒಂದು ಪಾಲು ಆಕಾಶಕ್ಕೆ ಏರಿತು. ಕಡಿದ ಮರದ ಬದಲು ಮರ ಬೆಳೆದರೆ ಸೌದೆಯ ಇಂಗಾಲದ ಲೆಕ್ಕ ಸರಿಹೋದೀತು, ಬೆಳೆಯದಿದ್ದರೆ ಇಲ್ಲ.

“ನಮ್ಮಲ್ಲಿ ಗಾಳಿಯಂತ್ರ ಇದೆಯಲ್ಲ” ಅಂತಾರೆ. ಇದೆ, ಹೆಮ್ಮೆಯ ವಿಷಯವೇ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿಗೆ ಪಲ್ಲಡಂ, ಉಡುಮಲಪೇಟೆ ಕಡೆ ಸಾಲುಸಾಲು ಯಂತ್ರ ತಿರುಗುತ್ತವೆ. ಅದಕ್ಕೂ ಹಿಂದೆ, 1932ರಲ್ಲಿ ನೀಲಗಿರಿಯ ಪೈಕಾರಾದಲ್ಲಿ ಶುರುವಾದ ಜಲವಿದ್ಯುತ್ತೇ ಕೊಯಮತ್ತೂರಿನ ಗಿರಣಿಗಳನ್ನು ಬೆಳೆಸಿತು. ಆದರೆ ಆಷಾಢದ ಗಾಳಿ ಮಾರ್ಗಶಿರದಲ್ಲಿ ಇರುವುದಿಲ್ಲ. ಆಗಲೂ ಗಿರಣಿ ನಿಲ್ಲುವುದಿಲ್ಲ. ಕಲ್ಲಿದ್ದಲಿನ ಕರೆಂಟು ಬರುತ್ತದೆ. ಜೊತೆಗೆ ಬಣ್ಣಕ್ಕೆ ಬೇಕಾದ ಬಿಸಿನೀರು, ಹಬೆ ಬಾಯ್ಲರಿನವು, ಗಾಳಿಯಂತ್ರದವಲ್ಲ. ಕರೆಂಟಿನ ಲೆಕ್ಕವೊಂದೇ ಇಂಧನದ ಲೆಕ್ಕವಲ್ಲ.

ಇನ್ನೊಂದು ಲೆಕ್ಕವನ್ನು ಮೇಷ್ಟ್ರುಗಳು ಕರಿಹಲಗೆಯ ಮೇಲೆ ಹಾಕಿಸಬಹುದು. ಒಂದು ಬನಿಯನ್ನಿಗೆ ತಗಲುವ ಹೊಗೆ ಅರ್ಧಕ್ಕೆ ಇಳಿಯಿತು, ಬನಿಯನ್ನುಗಳು ಮೂರರಷ್ಟಾದವು ಅಂತ ಇಟ್ಟುಕೊಳ್ಳಿ. ಒಟ್ಟು ಹೊಗೆ ಒಂದೂವರೆಪಟ್ಟು! ಆಕಾಶ ನೋಡುವುದು ಒಟ್ಟನ್ನು, ಬಿಡಿ ಬನಿಯನ್ನನ್ನಲ್ಲ. ಆ ಬನಿಯನ್ನು ಯುರೋಪಿನವರ ಮೈಮೇಲೆ, ಹೊಗೆ ಮಾತ್ರ ನಮ್ಮ ಖಾತೆಯಲ್ಲಿ!

ಆ ಇಬ್ಬರು ಪಂಡಿತರು ಪಟ್ಟಣಗಳಲ್ಲಿ ಅಳೆದದ್ದು ಗಂಧಕದ ಹೊಗೆ, ಧೂಳು ಮುಂತಾದವನ್ನು. ಅವು ಮೂಗಿಗೆ ಬಡಿಯುತ್ತವೆ, ಜನ ಜಗಳ ಆಡುತ್ತಾರೆ. ನೊಯ್ಯಲ್ ತಾನಾಗಿ ತಿರುಗಿಬೀಳಲಿಲ್ಲ. ಬೆಳೆ ಕಳಕೊಂಡ ರೈತ ಕೋರ್ಟಿನ ಮೆಟ್ಟಿಲು ಹತ್ತಿದ. ಇಂಗಾಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದರ ಮೇಲೆ ದೂರು ಕೊಡುವವರೂ ಕಡಿಮೆ. ಸಿರಿ ಬಂದರೆ ಅದು ಇಳಿದೀತು ಎಂದು ಕೂತರೆ ಇಳಿಯುವುದಿಲ್ಲ.

ಕಾರ್ಖಾನೆ ಮುಚ್ಚಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಗಳ ಒಲೆ ಉರಿಯುವುದೂ ಅದರಿಂದಲೇ. ನೀರಿನ ಲೆಕ್ಕ ಕೇಳಿದ ಹಾಗೆ ಬಾಯ್ಲರಿನ ಲೆಕ್ಕವನ್ನೂ ಕೇಳೋಣ.