‘ಪ್ಯಾನ್ಸ್ ಲ್ಯಾಬಿರಿಂತ್’: ವಿಧೇಯತೆಗೊಂದು ಪ್ರಶ್ನೆ



ನರಗುಂದದ ಕೋಟೆಯ ನೆರಳಿನಲ್ಲಿ ಬೆಳೆಯುವ ಮಕ್ಕಳಿಗೆ ಯುದ್ಧದ ಕಥೆ ಹೊಸದಲ್ಲ. ದತ್ತು ಸ್ವೀಕಾರದ ಹಕ್ಕನ್ನು ನಿರಾಕರಿಸಿದ ಬ್ರಿಟಿಷರ ವಿರುದ್ಧ 1858ರಲ್ಲಿ ಬಾಬಾಸಾಹೇಬರು ಬಂಡೆದ್ದದ್ದು, ಸುರೇಬಾನದಲ್ಲಿ ಮ್ಯಾನ್ಸನ್ನನ ಹತ್ಯೆ, ಊರ ಬಾಗಿಲಿಗೆ ತೂಗಿದ ಅವನ ತಲೆ, ಬೆಳಗಾವಿಯ ನೇಣುಗಂಬ ಇವೆಲ್ಲ ದೆವ್ವದ ಕಥೆಗಳಷ್ಟೇ ಸಲೀಸಾಗಿ ಅವರ ಕಿವಿಗೆ ಬೀಳುತ್ತವೆ. ಮೆಕ್ಸಿಕೋದ ನಿರ್ದೇಶಕ ಗಿಯೆರ್ಮೋ ದೆಲ್ ತೋರೋ ಅವರ 2006ರ ಸ್ಪ್ಯಾನಿಷ್ ಚಿತ್ರ ‘ಪ್ಯಾನ್ಸ್ ಲ್ಯಾಬಿರಿಂತ್’ ನೋಡುವಾಗ ನನಗೆ ನೆನಪಾದದ್ದು ಆ ಮಕ್ಕಳೇ.

ಕಥೆ ನಡೆಯುವುದು 1944ರ ಸ್ಪೇನಿನಲ್ಲಿ. ಅಂತರ್ಯುದ್ಧ ಮುಗಿದು ಐದು ವರ್ಷಗಳಾಗಿವೆ. ಕಾಡಿನಲ್ಲಿ ಬಂಡುಕೋರರು ಇನ್ನೂ ಉಳಿದಿದ್ದಾರೆ. ಬಾಲಕಿ ಒಫೀಲಿಯಾ ತುಂಬು ಗರ್ಭಿಣಿ ತಾಯಿಯೊಡನೆ ಮಲತಂದೆ ಕ್ಯಾಪ್ಟನ್ ವಿದಾಲನ ಠಾಣೆಗೆ ಬರುತ್ತಾಳೆ. ಮೊಲದ ಬೇಟೆಗೆ ಹೋಗಿದ್ದ ರೈತ ತಂದೆ-ಮಗನನ್ನು ಬಂಡುಕೋರರೆಂದು ಶಂಕಿಸಿ ಅವನು ಕೊಲ್ಲುತ್ತಾನೆ. ಆಮೇಲೆ ಚೀಲದಲ್ಲಿ ಮೊಲ ಸಿಗುತ್ತದೆ. ಇತ್ತ ಪಾಳುಬಿದ್ದ ಚಕ್ರವ್ಯೂಹದಲ್ಲಿ ಕೊಂಬುಳ್ಳ ಜೀವಿಯೊಂದು ಒಫೀಲಿಯಾಳಿಗೆ, ನೀನು ಪಾತಾಳಲೋಕದ ರಾಜಕುಮಾರಿ ಎಂದು ಹೇಳಿ ಮೂರು ಪರೀಕ್ಷೆಗಳನ್ನೊಡ್ಡುತ್ತದೆ.

ಎರಡನೆಯ ಪರೀಕ್ಷೆಯ ದೃಶ್ಯವನ್ನು ಮರೆಯಲಾಗದು. ಭರ್ತಿ ಭೋಜನದ ಮೇಜಿನ ತುದಿಯಲ್ಲಿ, ಅಂಗೈಯಲ್ಲಿ ಕಣ್ಣುಗಳನ್ನಿಟ್ಟುಕೊಳ್ಳುವ ಶಿಶುಭಕ್ಷಕ ಕುಳಿತಿದ್ದಾನೆ. ಕ್ಯಾಪ್ಟನ್ನನ ಔತಣದ ಮೇಜೂ ಅದೇ ಬಗೆಯದು. ಬಡವರ ಪಡಿತರ ಕಡಿತಗೊಳಿಸುವ ಮಾತು ಅಲ್ಲಿ ನಡೆಯುವಾಗ, ಆ ಮೇಜಿನಲ್ಲಿ ಒಬ್ಬ ಗುರುವೂ ಉಣ್ಣುತ್ತಿದ್ದಾರೆ. ಗುರುವಾದ ನನಗೆ ಅದು ಇರಿಯಿತು. ಸ್ಪೇನಿನ ಧರ್ಮಾಧ್ಯಕ್ಷರಲ್ಲಿ ಬಹುಪಾಲು ಜನ 1937ರಲ್ಲಿ ಸಾಮೂಹಿಕ ಪತ್ರದ ಮೂಲಕ ಫ್ರಾಂಕೋ ಪಕ್ಷವನ್ನು ಬೆಂಬಲಿಸಿದ್ದರು, ಆರೋಪಕ್ಕೆ ಆಧಾರವಿದೆ. ಆದರೆ ಅದೇ ಯುದ್ಧದಲ್ಲಿ ಸುಮಾರು 6,800 ಗುರುಗಳೂ ಸನ್ಯಾಸಿ-ಸನ್ಯಾಸಿನಿಯರೂ ಕೊಲೆಯಾದರು. ಚಿತ್ರ ಇದನ್ನು ಹೇಳುವುದಿಲ್ಲ. ವಿದಾಲನಲ್ಲಿ ಒಂದು ಕಿಡಿ ಬೆಳಕನ್ನೂ ಅದು ಉಳಿಸುವುದಿಲ್ಲ. ಬಂಡುಕೋರರೋ ಬಹುತೇಕ ನಿಷ್ಕಳಂಕರು. ಇದು ಕೃತಿಯ ದೌರ್ಬಲ್ಯ.

ಚಿತ್ರದ ತಿರುಳು ಬೇರೆಡೆ ಇದೆ. ಅಲ್ಲಿ ಎರಡು ಬಗೆಯ ಅವಿಧೇಯತೆಗಳಿವೆ. ಶಿಶುಭಕ್ಷಕನ ಮೇಜಿನಿಂದ ಒಫೀಲಿಯಾ ದ್ರಾಕ್ಷಿ ತಿನ್ನುವುದು ಆಸೆಗಾಗಿ. ಅದರಿಂದ ಇತರರು ಸಾಯುತ್ತಾರೆ. ಕೊನೆಯ ಪರೀಕ್ಷೆಯಲ್ಲಿ ಹಸುಗೂಸು ತಮ್ಮನ ರಕ್ತದ ಹನಿಗಳನ್ನು ಕೇಳಿದಾಗ ಅವಳು ಒಪ್ಪುವುದಿಲ್ಲ. ಅದಕ್ಕೆ ತನ್ನ ಪ್ರಾಣವನ್ನೇ ತೆರುತ್ತಾಳೆ. ಅಬ್ರಹಾಮನ ಕೈಯನ್ನು ದೇವದೂತ ತಡೆದ. ಇಲ್ಲಿ ತಡೆಯಲು ದೂತನಿಲ್ಲ, ಮಗುವೇ ತಡೆಯುತ್ತಾಳೆ.

ಅಭಿಷೇಕದ ದಿನ ನಾನು ವಿಧೇಯತೆಯ ವಾಗ್ದಾನ ಮಾಡಿದವನು. ಇಂದಿಗೂ ಅದನ್ನು ಕೃತಜ್ಞತೆಯಿಂದಲೇ ಹೊತ್ತಿದ್ದೇನೆ. ಆದರೆ ಆತ್ಮಸಾಕ್ಷಿಯನ್ನು ಮಲಗಿಸುವ ವಿಧೇಯತೆ ಸದ್ಗುಣವಲ್ಲ, ಸೋಮಾರಿತನ ಎಂಬುದನ್ನು ಈ ಬಾಲಕಿ ನೆನಪಿಸಿದಳು. ಹೆರೋದನ ಆಜ್ಞೆಯನ್ನು ಪಾಲಿಸಿದ ಸೈನಿಕರೂ ವಿಧೇಯರೇ ಆಗಿದ್ದರಲ್ಲವೇ?

ಛಾಯಾಗ್ರಹಣ, ಕಲಾ ನಿರ್ದೇಶನ ಮತ್ತು ಪ್ರಸಾಧನಗಳಿಗೆ ಆಸ್ಕರ್ ಪಡೆದ ಈ ಚಿತ್ರದಲ್ಲಿ ಯಕ್ಷಿಣಿಯರಿದ್ದಾರೆಂದು ಮಕ್ಕಳ ಮುಂದೆ ಹಾಕಬೇಡಿ. ಹಿಂಸೆ ಬಹಳ ಕ್ರೂರವಾಗಿದೆ. ಹಿರಿಯರು ನೋಡಲಿ. ನೋಡಿದ ಮೇಲೆ, ನಮ್ಮ ಮಕ್ಕಳಿಗೆ ‘ಹೇಳಿದ ಮಾತು ಕೇಳು’ ಎಂದು ಕಲಿಸುವ ನಾವು, ಯಾವ ಮಾತನ್ನು ಕೇಳಬಾರದೆಂದು ಎಂದಾದರೂ ಕಲಿಸಿದ್ದೇವೆಯೇ ಎಂದು ತಮ್ಮನ್ನೇ ಕೇಳಿಕೊಳ್ಳಲಿ.