ಶಾಸನಗಳ ಕಾಲಸೂಚನೆಯೂ 'ಚಕ್ರಾಕಾರ ಕಾಲ'ದ ವಾದವೂ: ಒಂದು ವಿಮರ್ಶೆ

ಒಂದು ಜನಾಂಗವು ಕಾಲವನ್ನು ಹೇಗೆ ಕಲ್ಪಿಸಿಕೊಂಡಿದೆ ಎಂಬ ಪ್ರಶ್ನೆಗೆ ಉತ್ತರ ಹೇಳಹೊರಟವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಒಂದು, ಆ ಜನರ ಪುರಾಣಗಳ ದಾರಿ. ಇನ್ನೊಂದು, ಅವರ ಭಾಷೆಯ ವ್ಯಾಕರಣದ ದಾರಿ. ಪುರಾಣದಲ್ಲಿ ಯುಗಗಳು ಮರಳಿ ಮರಳಿ ಬರುವುದನ್ನು ಕಂಡವರು ಆ ಜನರ ಕಾಲವು ಚಕ್ರಾಕಾರವಾದುದು, ಆದುದರಿಂದ ಅವರಿಗೆ ಇತಿಹಾಸಪ್ರಜ್ಞೆಯಿಲ್ಲ ಎಂದು ತೀರ್ಮಾನಿಸುತ್ತಾರೆ. ಕ್ರಿಯಾಪದಗಳಲ್ಲಿ ತಮಗೆ ಪರಿಚಿತವಾದ ಕಾಲಭೇದವನ್ನು ಕಾಣದವರು ಆ ಜನರಿಗೆ ಕಾಲದ ಅರಿವೇ ಬೇರೆ ಎನ್ನುತ್ತಾರೆ. ಈ ಎರಡು ವಾದಗಳನ್ನೂ ಕನ್ನಡನಾಡಿನ ಶಾಸನಗಳ ಸಾಕ್ಷ್ಯದಿಂದ ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ವ್ಯಾಕರಣದ ದಾರಿಯನ್ನು ಮೊದಲು ನೋಡೋಣ. ಈ ಬಗೆಯ ವಾದಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಅಮೆರಿಕದ ಬೆಂಜಮಿನ್ ಲೀ ವೋರ್ಫ್ ಎಂಬ ವಿದ್ವಾಂಸನದು. ಅರಿಜೋನಾ ಪ್ರಾಂತದ ಮೂಲನಿವಾಸಿಗಳಾದ ಹೋಪಿ ಜನರ ಭಾಷೆಯಲ್ಲಿ 'ಕಾಲ' ಎಂದು ನಾವು ಕರೆಯುವ ವಸ್ತುವನ್ನು ನೇರವಾಗಿ ಸೂಚಿಸುವ ಪದವಾಗಲಿ ಪ್ರತ್ಯಯವಾಗಲಿ ಇಲ್ಲವೆಂದು ಆತನು ಪ್ರತಿಪಾದಿಸಿದನು. 1941ರಲ್ಲಿ ಆತನು ತೀರಿಕೊಂಡ ಮೇಲೆ, 1950ರಲ್ಲಿ ಆ ಲೇಖನವು ಅಚ್ಚಾಯಿತು. ಅನೇಕರು ಅದನ್ನು ಸಿದ್ಧಾಂತವೆಂದೇ ಒಪ್ಪಿಕೊಂಡರು. ಆದರೆ 1983ರಲ್ಲಿ ಎಕೆಹಾರ್ಟ್ ಮಲೋಟ್ಕಿ ಎಂಬ ವಿದ್ವಾಂಸರು ಹೋಪಿ ಜನರ ನಡುವೆಯೇ ಸಂಗ್ರಹಿಸಿದ ಸಾಮಗ್ರಿಯಿಂದ ಆರುನೂರು ಪುಟಗಳನ್ನು ಮೀರಿದ ಗ್ರಂಥವೊಂದನ್ನು ಹೊರತಂದರು. ದಿನ, ತಿಂಗಳು, ಋತುಗಳ ಹೆಸರುಗಳು, ದಿನಗಳನ್ನು ಎಣಿಸುವ ಕ್ರಮ, ಭವಿಷ್ಯವನ್ನು ಉಳಿದ ಕಾಲಗಳಿಂದ ಬೇರ್ಪಡಿಸುವ ಪ್ರತ್ಯಯ ಇವೆಲ್ಲವೂ ಆ ಭಾಷೆಯಲ್ಲಿರುವುದನ್ನು ಅವರು ತೋರಿಸಿಕೊಟ್ಟರು. ದಿಗಂತದಲ್ಲಿ ಸೂರ್ಯನು ಮೂಡುವ ಸ್ಥಾನವನ್ನು ಗುರುತಿಟ್ಟು ಬಿತ್ತನೆಯನ್ನೂ ಹಬ್ಬವನ್ನೂ ನಿಶ್ಚಯಿಸುವ ಜನರಿಗೆ ಕಾಲವಿಲ್ಲವೆಂದು ಹೇಳಿದುದು ಹೇಳಿದವರ ದೂರವನ್ನು ಸೂಚಿಸುತ್ತದೆಯೇ ಹೊರತು ಆ ಜನರ ಮನಸ್ಸನ್ನಲ್ಲ.

ವೋರ್ಫನ ತಪ್ಪು ಎಂಥದೆಂಬುದು ನಮ್ಮ ಭಾಷೆಯನ್ನೇ ಅನ್ಯರ ಕಣ್ಣಿನಿಂದ ನೋಡಿದರೆ ಸ್ಪಷ್ಟವಾಗುವುದು. 'ದಿನವೂ ಹೋಗುತ್ತೇನೆ', 'ನಾಳೆ ಹೋಗುತ್ತೇನೆ' ಎಂಬ ಎರಡು ಮಾತುಗಳಲ್ಲಿ ಕ್ರಿಯಾಪದ ಒಂದೇ. 'ಹೋಗುವೆನು' ಎಂಬ ಭವಿಷ್ಯದ್ರೂಪವು ಗ್ರಂಥಗಳಲ್ಲಿ ಉಳಿದಿದೆ. ಆಡುಮಾತಿನಲ್ಲಿ ಅದು ವಿರಳ. ಕೇಶಿರಾಜನು 13ನೆಯ ಶತಮಾನದಲ್ಲಿ ಮೂರು ಕಾಲಗಳನ್ನೂ ಬೇರೆ ಬೇರೆಯಾಗಿ ನಿರೂಪಿಸಿರುವುದನ್ನು ಅರಿಯದ ಪರದೇಶದ ವಿದ್ವಾಂಸನೊಬ್ಬನು ಸಂತೆಯ ಮಾತನ್ನು ಮಾತ್ರ ಕೇಳಿ, ಕನ್ನಡಿಗರಿಗೆ ಭವಿಷ್ಯವೆಂಬುದೇ ಇಲ್ಲ ಎಂದು ಬರೆದರೆ ನಾವು ನಗುವೆವು. ಏಕೆಂದರೆ ಅದೇ ಸಂತೆಯಲ್ಲಿ ಅದೇ ಕ್ರಿಯಾಪದದಿಂದ ಬರುವ ಸುಗ್ಗಿಯ ಸಾಲಕ್ಕೆ ವಾಯಿದೆ ಗೊತ್ತಾಗುತ್ತದೆ. 'ಹಿಂದೆ' ಎಂದರೆ ಕಳೆದುದು, 'ಮುಂದೆ' ಎಂದರೆ ಬರಲಿರುವುದು. ಆದರೆ ಆ 'ಮುನ್' ಎಂಬ ಧಾತುವಿನಿಂದಲೇ ಹುಟ್ಟಿದ 'ಮುನ್ನ', 'ಮುಂಚೆ' ಎಂಬ ಮಾತುಗಳು ಕಳೆದುದನ್ನೇ ಹೇಳುತ್ತವೆ. ಇದರಲ್ಲಿ ಗೊಂದಲವೇನೂ ಇಲ್ಲ. ನಡೆಯುವವನಿಗೆ ಮುಂದಿರುವುದು ಬರಲಿರುವ ಊರು. ಸಾಲಿನಲ್ಲಿ ನಿಂತವನಿಗೆ ಮುಂದಿರುವವನು ತನಗಿಂತ ಮುಂಚೆ ಬಂದವನು. ಒಂದೇ ಭಾಷೆ, ಒಂದೇ ಧಾತು, ಎರಡು ಸಂದರ್ಭ. ಭಾಷೆಯು ಕಾಲವನ್ನು ನೋಡುವ ಬಗೆಗಳನ್ನು ಒದಗಿಸಿಕೊಡುತ್ತದೆ. ಅವುಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ನಿರ್ಣಯಿಸುವುದು ಎದುರಿಗಿರುವ ಕೆಲಸ.

ಪುರಾಣದ ದಾರಿಯ ವಾದವು ಇದಕ್ಕಿಂತ ಹಳೆಯದು, ನಮಗೆ ಹೆಚ್ಚು ಸಮೀಪದ್ದು. ಹಿಂದೂಗಳು ಘಟನೆಗಳ ಐತಿಹಾಸಿಕ ಕ್ರಮಕ್ಕೆ ಗಮನ ಕೊಡುವುದಿಲ್ಲವೆಂದು ಅಲ್‌ಬೆರೂನಿಯು ಸುಮಾರು 1030ರಲ್ಲಿ ಆಕ್ಷೇಪಿಸಿದನು. ಅದೇ ಗ್ರಂಥದಲ್ಲಿ ಆತನು ಶಕವರ್ಷವೇ ಮೊದಲಾದ ಭಾರತೀಯ ಗಣನೆಗಳನ್ನು ಒಂದಕ್ಕೊಂದು ತಾಳೆನೋಡಿ ವಿವರಿಸಿರುವುದನ್ನು ಮಾತ್ರ ಆ ಮಾತನ್ನು ಉದ್ಧರಿಸುವವರು ಮರೆಯುತ್ತಾರೆ. 19ನೆಯ ಶತಮಾನದ ಯೂರೋಪಿನಲ್ಲಿ ಹೆಗೆಲ್ ಮೊದಲಾದವರು ಈ ಆಕ್ಷೇಪವನ್ನು ತತ್ತ್ವದ ಮಟ್ಟಕ್ಕೆ ಏರಿಸಿದರು. 1949ರಲ್ಲಿ ಮಿರ್ಚಾ ಎಲಿಯಾಡೆಯು ಪ್ರಾಚೀನ ಸಮಾಜಗಳು 'ನಿತ್ಯ ಪುನರಾವರ್ತನೆ'ಯಲ್ಲಿ ಆಶ್ರಯ ಪಡೆದು ಇತಿಹಾಸದ ಭಾರದಿಂದ ಪಾರಾಗುತ್ತಿದ್ದುವೆಂದು ವಾದಿಸಿ, ನಮ್ಮ ಯುಗಕಲ್ಪನೆಯನ್ನು ಅದಕ್ಕೆ ನಿದರ್ಶನವಾಗಿ ತೆಗೆದುಕೊಂಡನು. ವಿಷಾದದ ಸಂಗತಿಯೆಂದರೆ, ನಮ್ಮವರಲ್ಲಿ ಕೆಲವರು ಇದೇ ವಾದವನ್ನು ಹೆಮ್ಮೆಯಿಂದ ಸ್ವೀಕರಿಸಿ, ಪಾಶ್ಚಾತ್ಯರು ಕಾಲದ ದಾಸರು, ನಾವು ಕಾಲಾತೀತರು ಎಂದು ಹೇಳಿಕೊಳ್ಳುತ್ತಿರುವುದು. ತಿರಸ್ಕಾರವೂ ಹೆಮ್ಮೆಯೂ ಇಲ್ಲಿ ಒಂದೇ ತಪ್ಪಿನ ಎರಡು ಮುಖಗಳು. ಇವೆರಡೂ ಕಲ್ಲನ್ನು ಓದಿಲ್ಲ.

ಕಲ್ಲು ಏನು ಹೇಳುತ್ತದೆ? ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ ಕೋಟೆಯ ನಿರ್ಮಾಣವನ್ನು ಹೇಳುವ ಶಾಸನವು ಶಕವರ್ಷ 465 ಎಂದು, ಅಂದರೆ ಕ್ರಿ.ಶ. 543 ಎಂದು, ಸಂಖ್ಯೆಯನ್ನು ಕೊಡುತ್ತದೆ. ಅದೇ ಊರಿನ ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವು ಶಕರಾಜನ ಪಟ್ಟಾಭಿಷೇಕವಾಗಿ 500 ವರ್ಷಗಳು ಕಳೆದುವೆಂದೂ, ಆಳುತ್ತಿರುವ ಕೀರ್ತಿವರ್ಮನ ಹನ್ನೆರಡನೆಯ ವರ್ಷವೆಂದೂ, ಅಂದು ಕಾರ್ತಿಕ ಹುಣ್ಣಿಮೆಯೆಂದೂ ಹೇಳುತ್ತದೆ. ಐಹೊಳೆಯ ಮೇಗುತಿ ದೇವಾಲಯದಲ್ಲಿ ರವಿಕೀರ್ತಿಯು ಭಾರತಯುದ್ಧದಿಂದ 3735 ವರ್ಷಗಳೆಂದೂ, ಶಕಕಾಲದ 556 ವರ್ಷಗಳೆಂದೂ ಎರಡು ಲೆಕ್ಕಗಳನ್ನು ಜೊತೆಯಲ್ಲಿರಿಸಿದ್ದಾನೆ. ಮೊದಲನೆಯದು ಪುರಾಣದ ಕಲಿಯುಗದ ಲೆಕ್ಕ. ಎರಡನೆಯದು ರಾಜಕೀಯದ ಲೆಕ್ಕ. ಇವೆರಡರ ಅಂತರ 3179. ಕಲಿ ಮತ್ತು ಶಕಗಳ ನಡುವೆ ಜ್ಯೋತಿಷಿಗಳು ಇಂದಿಗೂ ಹೇಳುವ ಅಂತರ ಇದೇ. ಚಕ್ರದಲ್ಲಿ ಸುತ್ತುವುದೆಂದು ಹೇಳಲಾದ ಯುಗವೇ ಇಲ್ಲಿ ಒಂದೊಂದು ವರ್ಷವಾಗಿ ಎಣಿಕೆಗೆ ಸಿಕ್ಕಿದೆ ಎಂಬುದನ್ನು ಗಮನಿಸಬೇಕು.

ಅರುವತ್ತು ಸಂವತ್ಸರಗಳು ಚಕ್ರವಲ್ಲವೆ ಎಂದು ಕೇಳಬಹುದು. ಚಕ್ರವೇ ಹೌದು. ಆದರೆ ಅದರ ಕೆಲಸವೇನು? ಉತ್ತರದೇಶದ ಪದ್ಧತಿಯಲ್ಲಿ ಈ ಚಕ್ರವನ್ನು ಗುರುಗ್ರಹದ ಗತಿಗೆ ಹೊಂದಿಸಲು ಸುಮಾರು 85 ವರ್ಷಗಳಿಗೊಮ್ಮೆ ಒಂದು ಸಂವತ್ಸರವನ್ನು ಬಿಟ್ಟುಬಿಡುವರು. ದಕ್ಷಿಣದಲ್ಲಿ ಕಾಲಕ್ರಮೇಣ ಈ ಲೋಪವನ್ನು ಕೈಬಿಟ್ಟರು. ಅದರಿಂದಾಗಿ, ಕಳೆದ ಶಕವರ್ಷಕ್ಕೆ 12ನ್ನು ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆಯಾಗುವುದು. ಅಂದರೆ ಇಲ್ಲಿ ಚಕ್ರವು ರೇಖೆಗೆ ವಿರೋಧಿಯಲ್ಲ, ರೇಖೆಯ ಸಾಕ್ಷಿ. ಬರೆದವನೋ ಕೆತ್ತಿದವನೋ ಶಕಸಂಖ್ಯೆಯಲ್ಲಿ ತಪ್ಪಿದರೆ ಸಂವತ್ಸರದ ಹೆಸರು ಅದನ್ನು ಹಿಡಿದುಕೊಡುವುದು. ಗಾಡಿಯ ಗಾಲಿ ಸುತ್ತುತ್ತದೆ. ಗಾಡಿ ಮಾತ್ರ ಹೊರಟಲ್ಲಿಗೆ ಮರಳುವುದಿಲ್ಲ.

ಶ್ರವಣಬೆಳಗೊಳದ ಮಲ್ಲಿಷೇಣ ಮುನಿಯ ಸಮಾಧಿಶಾಸನವು ಇದಕ್ಕೆ ಉತ್ತಮ ನಿದರ್ಶನ. ಶಕ 1050, ಕೀಲಕ ಸಂವತ್ಸರ, ಫಾಲ್ಗುಣ ಕೃಷ್ಣ ತದಿಗೆ, ಭಾನುವಾರ, ಸ್ವಾತಿ ನಕ್ಷತ್ರ, ಮಧ್ಯಾಹ್ನ. ಮೂರು ದಿನಗಳ ಉಪವಾಸದ ಬಳಿಕ ಮುನಿಯು ದೇಹವನ್ನು ತ್ಯಜಿಸಿದನು. 1050ಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಶೇಷ 42. ನಲವತ್ತೆರಡನೆಯ ಸಂವತ್ಸರ ಕೀಲಕವೇ. ವಿದ್ವಾಂಸರು ಇದನ್ನು ಕ್ರಿ.ಶ. 1129ರ ಮಾರ್ಚ್ 10ಕ್ಕೆ ಸರಿಹೊಂದಿಸಿದ್ದಾರೆ, ಅಂದು ಭಾನುವಾರವೇ. ಸಂಸಾರಚಕ್ರದಿಂದ ಬಿಡುಗಡೆಯನ್ನು ಬಯಸಿದ ವಿರಕ್ತನೊಬ್ಬನ ಮರಣವನ್ನು ಆತನ ಸಂಘದವರು ಹೊತ್ತಿನವರೆಗೆ ಗುರುತಿಟ್ಟರು. ಜನ್ಮಗಳು ಮರಳಿ ಬರುವುವೆಂದು ನಂಬಿದವರಿಗೂ ಆ ಮಧ್ಯಾಹ್ನ ಮರಳಿ ಬರುವುದಿಲ್ಲವೆಂಬುದು ತಿಳಿದಿತ್ತು.

ಇನ್ನು ನಮ್ಮ ಊರುಗಳಲ್ಲಿ ಕಾಣುವ ಸಾಮಾನ್ಯ ದಾನಶಾಸನವನ್ನು ನೋಡೋಣ. ಅರಸನ ಹೆಸರು ಮತ್ತು ಆಳ್ವಿಕೆ, ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಗ್ರಹಣ ಇಲ್ಲವೆ ಉತ್ತರಾಯಣ ಸಂಕ್ರಮಣದಂತಹ ಪುಣ್ಯಕಾಲ, ದತ್ತಿಯು ಚಂದ್ರಸೂರ್ಯರಿರುವವರೆಗೂ ನಡೆಯಬೇಕೆಂಬ ವಿಧಿ, ಕೊನೆಯಲ್ಲಿ, ಕೊಟ್ಟ ಭೂಮಿಯನ್ನು ಕಸಿದುಕೊಂಡವನು 60,000 ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುವನೆಂಬ ಶಾಪ. ಒಂದೇ ಕಲ್ಲಿನಲ್ಲಿ ಎಷ್ಟು ಕಾಲಗಳು! ಆದರೆ ಇವು ಗೋಜಲಾಗಿಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆ ಬಾಧ್ಯಸ್ಥರಿದ್ದಾರೆ. ಆಳ್ವಿಕೆಯ ಉಲ್ಲೇಖವು ಅಧಿಕಾರಿಗೆ, ಶಕವರ್ಷವು ಮುಂದೆ ವ್ಯಾಜ್ಯವಾದಾಗ ತೀರ್ಪು ಹೇಳುವವರಿಗೆ, ಪುಣ್ಯಕಾಲವು ದಾನಿಗೆ, ಚಂದ್ರಸೂರ್ಯರ ಆಣೆಯು ದಾನ ಪಡೆದವನ ಮಕ್ಕಳುಮೊಮ್ಮಕ್ಕಳಿಗೆ, ಶಾಪವು ಕಸಿದುಕೊಳ್ಳಲು ಬಂದವನಿಗೆ. ಇದರಲ್ಲಿ ಚಕ್ರವನ್ನು ಮಾತ್ರ ಆರಿಸಿ ಇದೇ ಈ ಜನರ ಕಾಲವೆನ್ನುವುದು, ಕ್ರಯಪತ್ರದಲ್ಲಿ ಸಾಕ್ಷಿಗಳ ರುಜುವನ್ನು ಮಾತ್ರ ಓದಿ ಆಸ್ತಿ ಅವರದೆನ್ನುವಂತಾಯಿತು.

ಪ್ರತಿವಾದಿಗಳ ಪಕ್ಷದಲ್ಲಿರುವ ಸಂಗತಿಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಹಲ್ಮಿಡಿಯ ಶಾಸನದಲ್ಲಿ ವರ್ಷವಿಲ್ಲ. ಅದರ ಕಾಲವನ್ನು ಕುರಿತು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ಕಾಲವನ್ನೇ ಹೇಳದ ವೀರಗಲ್ಲುಗಳು ಅನೇಕ. ತಿಥಿಗೂ ವಾರಕ್ಕೂ ತಾಳೆಯಾಗದ ಶಾಸನಗಳೂ ಇವೆ. ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಶಕಗಣನೆಯನ್ನು ಬದಿಗೆ ಸರಿಸಿ ತನ್ನದೇ ವಿಕ್ರಮವರ್ಷವನ್ನು ಆರಂಭಿಸಿದನು. ಚಾಳುಕ್ಯರ ಪ್ರಭಾವವು ಕುಂದಿದ ಮೇಲೆ ಅದು ಮರೆಯಾಗಿ ಶಕವರ್ಷವೇ ನಿಂತಿತು. ಆದರೆ ಇವು ಕಾಲಪ್ರಜ್ಞೆಯ ಅಭಾವವನ್ನು ತೋರಿಸುವುದಿಲ್ಲ. ವರ್ಷಗಣನೆಯೆಂಬುದು ನೆನಪು ಸಾಲದಾದ ಕಡೆ, ಹಕ್ಕು ಮತ್ತು ಋಣಗಳು ತಲೆಮಾರುಗಳನ್ನು ದಾಟಬೇಕಾದ ಕಡೆ ಬೇರೂರಿತೆಂಬುದನ್ನೇ ಇವು ತೋರಿಸುತ್ತವೆ. ತಾಳೆಯಾಗದ ತಿಥಿಯನ್ನು ತಪ್ಪೆಂದು ನಾವು ಕರೆಯಲು ಸಾಧ್ಯವಾಗಿರುವುದು ಬರೆದವನು ಸರಿಯಾದುದನ್ನು ಹೇಳಲು ಹೊರಟಿದ್ದರಿಂದಲೇ.

ರೊಮಿಲಾ ಥಾಪರ್ ಅವರು 1996ರ ತಮ್ಮ ಗ್ರಂಥದಲ್ಲಿ ಪ್ರಾಚೀನ ಭಾರತದಲ್ಲಿ ಚಕ್ರಕಾಲವೂ ರೇಖಾಕಾಲವೂ ಜೊತೆಜೊತೆಗೆ ಬಳಕೆಯಲ್ಲಿದ್ದುವೆಂದು ಸಾಧಿಸಿದ್ದಾರೆ. ಅದನ್ನು ನಾವು ಒಪ್ಪುತ್ತೇವೆ; ಆದರೆ ಜೊತೆಗಿದ್ದುವೆಂದಷ್ಟೇ ಹೇಳಿ ನಿಲ್ಲಿಸಲು ನಮ್ಮ ಶಾಸನಗಳು ಬಿಡುವುದಿಲ್ಲ. ಅವು ಒಂದು ಇನ್ನೊಂದಕ್ಕೆ ಜಾಮೀನಾಗಿ ನಿಂತಿದ್ದುವು.

ಕೊನೆಯದಾಗಿ, ಆಕ್ಷೇಪವು ನಮ್ಮ ವೃತ್ತಿಯನ್ನೂ ಮುಟ್ಟಬೇಕು. ಬಿ. ಎಲ್. ರೈಸ್, ಜೆ. ಎಫ್. ಫ್ಲೀಟ್ ಮೊದಲಾದವರು ಶಾಸನಗಳನ್ನು ಓದಿ ಬೆಳಕಿಗೆ ತಂದರು. ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ, ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಹೊರತಂದ ಕೋಷ್ಟಕಗಳು ತಿಥಿಗಳನ್ನು ಕ್ರಿಸ್ತಶಕಕ್ಕೆ ತಿರುಗಿಸುವ ಕೆಲಸವನ್ನು ಸುಗಮಗೊಳಿಸಿದುವು. ಆ ಋಣ ದೊಡ್ಡದು. ಆದರೆ ತಿರುಗಿಸಿದ ಸಂಖ್ಯೆಯನ್ನು ಇಟ್ಟುಕೊಂಡು ಉಳಿದುದನ್ನು ಎಸೆಯುವ ಅಭ್ಯಾಸವು ನಮ್ಮಲ್ಲಿ ಬೆಳೆದಿದೆ. ನಾವು ತರಗತಿಯಲ್ಲಿ '1129' ಎಂದು ಬರೆಸುತ್ತೇವೆ. ವಿದ್ಯಾರ್ಥಿಯು ಅದನ್ನು ಬಾಯಿಪಾಠ ಮಾಡುತ್ತಾನೆ. ಕೀಲಕವೂ ಸ್ವಾತಿಯೂ ಆ ಮಧ್ಯಾಹ್ನವೂ ಅವನಿಗೆ ಸಿಕ್ಕುವುದಿಲ್ಲ. ಹೀಗೆ ಬೆಳೆದ ವಿದ್ಯಾರ್ಥಿಯೇ ಮುಂದೆ, ನಮ್ಮ ಹಿರಿಯರಿಗೆ ಕಾಲದ ಲೆಕ್ಕವಿರಲಿಲ್ಲ, ಅದನ್ನು ಹೊರಗಿನವರು ಬಂದು ಕಲಿಸಿದರು ಎಂಬ ಮಾತನ್ನು ನಂಬಿದರೆ ತಪ್ಪು ಯಾರದು?

ಆದುದರಿಂದ ಶಾಸನಪಾಠವನ್ನು ಕಲಿಸುವಾಗ ಕಾಲಸೂಚನೆಯ ಪ್ರತಿಯೊಂದು ಅಂಗವನ್ನೂ ಬಿಡಿಸಿ, ಅದು ಯಾರಿಗಾಗಿ, ಯಾವ ಕೆಲಸಕ್ಕಾಗಿ ಅಲ್ಲಿದೆ ಎಂದು ಕೇಳಿಸಬೇಕೆಂಬುದು ನಮ್ಮ ಸೂಚನೆ. ಇದಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಮನೆಗೆ ಬರುವ ಮದುವೆಯ ಕರೆಯೋಲೆಯಲ್ಲಿ ಸಂವತ್ಸರ, ಮಾಸ, ತಿಥಿ, ಲಗ್ನಗಳೂ, ಅವುಗಳ ಪಕ್ಕದಲ್ಲೇ ತಾರೀಖೂ ಗಂಟೆಯೂ ಇಂದಿಗೂ ಅಚ್ಚಾಗುತ್ತಿವೆ. ಅದನ್ನು ಓದಿದವರಾರೂ ತಮಗೆ ಎರಡು ಕಾಲಗಳಿವೆಯೆಂದು ಗಾಬರಿಗೊಂಡುದಿಲ್ಲ. ಹೊತ್ತಿಗೆ ಸರಿಯಾಗಿ ಮುಹೂರ್ತಕ್ಕೆ ಬಂದು ಸೇರುತ್ತಾರೆ.